ರೀಲಿನೊಳಗಿನ ಉಪ್ಪು

ನಮ್ಮಪ್ಪನ ರೀಲನ್ನು ನಾನಲ್ಲದೆ ಬೇರೆ ಯಾರೋ ಬಿಚ್ಚಿದ್ದಾರೆ ಎಂದು ನನಗೆ ಗೊತ್ತಾದದ್ದು ಐದು ಸ್ಕ್ರೂಗಳಿಂದ.

ರೀಲಿನ ಬೆನ್ನಿಗೆ ಹಿತ್ತಾಳೆಯ ನಕ್ಷತ್ರವೊಂದಿದೆ. ಐದು ಮೂಲೆ, ಮೂಲೆಗೊಂದು ಸ್ಕ್ರೂ. ಬಿಗಿ ಮಾಡಿದ ಮೇಲೆ ಐದರ ತಲೆಯ ಗೀರೂ ಒಂದೇ ದಿಕ್ಕಿಗೆ, ರೀಲು ಗಾಳದ ಕೋಲಿಗೆ ಕೂರುವ ಕಡೆಗೆ, ಮುಖ ಮಾಡಿರಬೇಕು. ಇದು ಅಪ್ಪ ಹಾಕಿದ ಶಿಸ್ತು. ಅಪ್ಪ ಸತ್ತ ಮೇಲೆ ನನ್ನದು. ಆ ಶನಿವಾರ ಮಧ್ಯಾಹ್ನ ತಿರುಗಿಸಿ ನೋಡಿದರೆ ಒಂದು ಮೇಲೆ ನೋಡುತ್ತಿದೆ, ಒಂದು ಕೆಳಗೆ ನೋಡುತ್ತಿದೆ, ಉಳಿದ ಮೂರು ಕುಡಿದವರ ಹಾಗೆ ಎತ್ತೆತ್ತಲೋ. ಮೂಗಿನ ಹತ್ತಿರ ಹಿಡಿದೆ. ಗೇರ್‌ಬಾಕ್ಸ್ ಎಣ್ಣೆಯ ವಾಸನೆ! ನಾನು ಹಾಕುವುದು ಹೊಲಿಗೆ ಮಷೀನಿನ ಎಣ್ಣೆ, ಅದೂ ಒಂದೇ ಒಂದು ಹನಿ.

ಅಯ್ಯೋ, ಒಂದು ಮೀನು ಹಿಡಿಯುವ ರೀಲಿಗೆ ಇಷ್ಟು ರಂಪವೇ ಎನ್ನಬೇಡಿ. ಇದು ಅಂಗಡಿಯಲ್ಲಿ ತಂದದ್ದಲ್ಲ. ನಮ್ಮಪ್ಪ ಸೂಬಯ್ಯ ನಾವಿರುವ ಡರ್ಬನ್ ಊರಿನ ಬಂದರಿನಲ್ಲಿ ಹಡಗು ರಿಪೇರಿಯ ಬಡಗಿ. ಒಡೆದ ಹಡಗಿನ ತೇಗದ ಬಾಗಿಲಿನ ತುಂಡೊಂದನ್ನು ಲೇತಿಗೆ ಹಾಕಿ, ತಿಂಡಿ ತಟ್ಟೆಯಷ್ಟಗಲದ ಈ ಸ್ಕಾರ್‌ಬರೋ ಎಂಬ ಹಳೆ ಮಾದರಿಯ ರೀಲನ್ನು ತಾನೇ ಕಡೆದದ್ದು. ಗೇರಿಲ್ಲ, ಬ್ರೇಕಿಲ್ಲ. ನಡುವೆ ಒಂದು ಕಡ್ಡಿ, ಕಡ್ಡಿಯ ಮೇಲೆ ತಿರುಗುತ್ತ ಗಾಳದ ದಾರ ಸುತ್ತಿಕೊಳ್ಳುವ ಮರದ ಗಾಲಿ, ಗಾಲಿಗೆ ಎರಡು ಹಿಡಿಕೆ. ಮೀನು ಎಳೆದರೆ ಗಾಲಿಯ ಅಂಚಿಗೆ ಒತ್ತಿದ ಹೆಬ್ಬೆರಳೇ ಬ್ರೇಕು.

ಅಪ್ಪ ಹೋದ ಮೇಲೆ ಅಮ್ಮ ಅದನ್ನು ಕಣ್ಣಲ್ಲಿ ನೋಡಲಾರೆ ಎಂದು ಕೋಳಿಗೂಡಿಗೆ ಎಸೆದಳು. ಆರು ವರ್ಷ ಅಲ್ಲೇ ಬಿದ್ದಿತ್ತು. ನಾನು ತೆಗೆದಾಗ ಮರ ಉಬ್ಬಿ ಬಿರುಕು ಬಿಟ್ಟಿತ್ತು, ಕಡ್ಡಿ ಗಾಲಿಗೆ ಅಂಟಿ ಹಸಿರು ಹಿಡಿದಿತ್ತು, ಕೋಳಿ ಹಿಕ್ಕೆ ಬೇರೆ. ನಾಲ್ಕು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಡಿದು ಬಿಡಿಸಿದೆ. ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದೆ. ಮರಕ್ಕೆ ತಿಂಗಳುಗಟ್ಟಲೆ ಅಗಸೆ ಎಣ್ಣೆ ಕುಡಿಸಿದೆ. ಸೈಕಲ್ ಸೀಟಿನ ಚರ್ಮದಿಂದ ವಾಷರ್ ಕತ್ತರಿಸಿದೆ. ಕಡ್ಡಿ ಕೂರುವ ತೂತಿನೊಳಗೆ ಬುಷ್ಷು ಅಂತ ಒಂದು ಹಿತ್ತಾಳೆ ಕೊಳವೆ ಇರುತ್ತದೆ, ಅದು ಸವೆದಿತ್ತು, ಹೊಸದು ಮಾಡಿಸಿ ಕೂರಿಸಿದೆ. ಒಂದು ತಳ್ಳು ತಳ್ಳಿದರೆ ಗಾಲಿ ಎರಡು ನಿಮಿಷ ತಿರುಗುವ ಹಾಗೆ ಆದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ.

ಆಮೇಲೆ ಅದನ್ನು ನನ್ನ ಗಂಡ ಕಿಸ್ತೆನ್ ಕೈಗೆ ಕೊಟ್ಟೆ. ನನಗೆ ಅಲೆ ಕಂಡರೆ ತಲೆ ಸುತ್ತುತ್ತದೆ. ಅವರು ಬಸ್ ಡ್ರೈವರ್, ಶನಿವಾರ ಬಂತೆಂದರೆ ಬ್ಲಫ್ ಕಡಲತೀರದ ಬಂಡೆಗಳ ಮೇಲೆ ನಿಂತು ಗಾಳ ಎಸೆಯದೆ ಇರಲಾರರು. ನಮ್ಮಿಬ್ಬರ ನಡುವಿನ ಒಪ್ಪಂದ ಇಷ್ಟೇ. ಸಮುದ್ರ ಅವರದು, ರೀಲು ನನ್ನದು. ಇಪ್ಪತ್ತು ವರ್ಷದಿಂದ ಅವರು ತಂದಿಡುತ್ತಾರೆ, ನಾನು ಬಿಚ್ಚಿ ಶುಚಿ ಮಾಡುತ್ತೇನೆ. ಅವರಿಗೆ ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಎಂದೂ ಗೊತ್ತಿರಲಿಲ್ಲ. ನಮ್ಮ ಬಡಾವಣೆ ಮೆರ್‌ಬ್ಯಾಂಕಿನ ಗಾಳದವರೆಲ್ಲ ಹಳೆ ರೀಲು ಕೆಟ್ಟರೆ "ಬಾಗ್ಯಂ ಆಂಟಿ ಹತ್ರ ಕೊಡು" ಎನ್ನುತ್ತಾರೆ. ಧನಬಾಗ್ಯಂ ಎಂಬ ನನ್ನ ಪೂರ್ತಿ ಹೆಸರು ಪಿಂಚಣಿ ಆಫೀಸಿಗೆ ಮಾತ್ರ ಗೊತ್ತು.

ಶುಚಿ ಮಾಡುವುದಕ್ಕೂ ಅಪ್ಪನದೊಂದು ವಿಧಿಯಿತ್ತು. ಮೊದಲು ಬೆರಳು, ಆಮೇಲೆ ನಾಲಿಗೆ. ಕಣ್ಣು ಹೋಗದ ಬುಷ್ಷಿನ ತೂತಿಗೆ ಕಿರುಬೆರಳು ಹಾಕಿ ಸುತ್ತ ತಿರುಗಿಸಬೇಕು. ಉಪ್ಪಿದ್ದರೆ ಹರಳು ತರಿತರಿ ಎನ್ನುತ್ತದೆ. ಆಮೇಲೆ ಆ ಬೆರಳನ್ನು ನಾಲಿಗೆಗೆ ಮುಟ್ಟಿಸಬೇಕು. ಉಪ್ಪಿದೆಯೆಂದರೆ ನಕ್ಷತ್ರ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಬೇಕು. ಇಲ್ಲವೆಂದರೆ ಒರೆಸಿ ಒಂದು ಹನಿ ಎಣ್ಣೆ ಬಿಟ್ಟರೆ ಮುಗಿಯಿತು. ನಾಲಿಗೆಯ ಭಾಗವನ್ನು ನಾನು ಯಾವಾಗಲೋ ಬಿಟ್ಟಿದ್ದೆ. ನನ್ನ ಬೆರಳು ಇರುವಾಗ ನಾಲಿಗೆ ಯಾಕೆ? ಸಕ್ಕರೆ ಕಾಯಿಲೆಯ ಜೊತೆಗೆ ಬಿಪಿಯೂ ಬಂದ ಮೇಲೆ ಕ್ಲಿನಿಕ್ಕಿನವರು ಉಪ್ಪು ಕಮ್ಮಿ ಮಾಡಿ ಅಂದದ್ದು ಒಂದು ನೆಪವಾಯಿತು.

ಹೇಳಬೇಕಾದದ್ದು ಇದು. ಡರ್ಬನ್ನಿನಲ್ಲಿ ಚಳಿ ಮೇ ತಿಂಗಳಿಗೇ ಬರುತ್ತದೆ. ಆ ಚಳಿಗಾಲ ಶುರುವಾದಾಗಿನಿಂದ ರೀಲಿನಲ್ಲಿ ಉಪ್ಪೇ ಸಿಗುತ್ತಿರಲಿಲ್ಲ. ಬೆರಳು ಹಾಕಿದರೆ ಬುಷ್ಷು ಕನ್ನಡಿಯ ಹಾಗೆ ನುಣ್ಣಗೆ. ಸಮುದ್ರಕ್ಕೆ ಹೋದ ರೀಲು ಉಪ್ಪಿಲ್ಲದೆ ಬರುತ್ತದೆಯೇ? ಮೊದಲ ವಾರ ಗಾಳಿ ಇಲ್ಲದೆ ಉಪ್ಪುನೀರು ಸಿಡಿಯಲಿಲ್ಲವೇನೋ ಅಂದುಕೊಂಡೆ. ಎರಡನೇ ವಾರ ಸುಮ್ಮನಿದ್ದೆ. ಐದನೇ ವಾರಕ್ಕೆ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಈ ಮನುಷ್ಯ ಕೋಲು ಹೊತ್ತುಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗುವುದಾದರೂ ಎಲ್ಲಿಗೆ?

ಜೂನಿನಲ್ಲಿ ಒಂದು ಶನಿವಾರ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದರು. ಉಗುರು ಕಪ್ಪಾಗಿ ಊದಿತ್ತು. ಕೇಳಿದರೆ "ಟ್ಯಾಕ್ಸಿ ಬಾಗಿಲು" ಅಂದರು. ಅದರ ಮುಂದಿನ ವಾರದಿಂದ ಇನ್ನೊಂದು ಶುರುವಾಯಿತು. ತರುವ ಶ್ಯಾಡ್ ಮೀನುಗಳ ಹೊಟ್ಟೆ ಮೊದಲೇ ಬಗೆದು, ಚಿಪ್ಪು ತೆಗೆದು ತೊಳೆದಾಗಿರುತ್ತಿತ್ತು. ನಾನು ಬಾಲದ ಕಡೆಯಿಂದ ಸೀಳುವವಳು. ಇವು ತಲೆಯ ಕಡೆಯಿಂದ ಸೀಳಿದವು. ಮದುವೆಯಾಗಿ ನಲವತ್ತು ವರ್ಷ ಒಂದು ಮೀನಿನ ಚಿಪ್ಪು ಹೆರೆಯದ ಗಂಡಸು! ಯಾವಳ ಚಾಕುವಿನ ಕೆಲಸ ಇದು ಎಂದು ಮಸಾಲೆ ಅರೆಯುತ್ತಲೇ ಯೋಚಿಸಿದೆ. ಆ ದಿನ ಸಾರು ಬಾಯಿಗೆ ಇಡಲಾರದಷ್ಟು ಖಾರವಾಗಿತ್ತು. ಅವರು ಕಣ್ಣಲ್ಲಿ ನೀರು ಸುರಿಸುತ್ತ "ಚೆನ್ನಾಗಿದೆ" ಎಂದು ತಿಂದರು. ಅದೂ ನನಗೆ ಅನುಮಾನವೇ ಆಯಿತು.

ಈಗ ಸ್ಕ್ರೂ. ಉಪ್ಪಿಲ್ಲವೆಂದು ನಕ್ಷತ್ರ ಬಿಚ್ಚದೆ, ರೀಲಿನ ಬೆನ್ನು ತಿರುಗಿಸಿ ನೋಡಿ ವಾರಗಳೇ ಆಗಿದ್ದವು. ನಾನು ನೇರ ಕೇಳಿಯೇಬಿಟ್ಟೆ.

"ಏನ್ರೀ, ರೀಲು ಯಾರು ಬಿಚ್ಚಿದ್ದು?"

ಅನ್ನ ಕಲಸುತ್ತಿದ್ದ ಕೈ ನಿಂತಿತು. "ಯಾರು ಬಿಚ್ತಾರೆ? ನೀನೇ ತಾನೆ."

"ಸ್ಕ್ರೂ ತಿರುಗಿವೆ."

"ಟ್ಯಾಕ್ಸಿಯೋರು ಹೊಂಡ ನೋಡಿ ಓಡಿಸ್ತಾರಾ? ಕುಲುಕಾಟಕ್ಕೆ ತಿರುಗಿರ್ತವೆ."

"ಇಪ್ಪತ್ತು ವರ್ಷ ಇಲ್ಲದ ಹೊಂಡ ಈಗ ಬಿತ್ತಾ? ಎಣ್ಣೆ ಯಾರದು? ಅದನ್ನೂ ಹೊಂಡದವರು ಹಾಕಿದ್ರಾ?"

"ಯಾವ ಎಣ್ಣೆ? ನಾನೇನು ಬಿಚ್ಚಿಲ್ಲಪ್ಪ. ನನಗೆ ಬಿಚ್ಚೋಕೆ ಬರುತ್ತಾ?" ಎಂದು ಎರಡೂ ಕೈಯನ್ನು ತಿರುಗಿಸಿ ತಾವೇ ನೋಡಿಕೊಂಡರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ ಇತ್ತು.

ನಾನು ಚಹಾದ ಲೋಟ ಹಿಡಿದುಕೊಂಡು ಎದುರು ಕೂತೆ. ಅವರು ನನ್ನ ಮುಖ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಎದ್ದು ಬಂದು ಲೋಟ ಕಿತ್ತುಕೊಂಡು ಮೇಜಿನ ಮೇಲಿಟ್ಟರು.

"ಸ್ಟೀಲ್ ಲೋಟ ಕಣೇ. ಈಗ ತಾನೇ ಕುದಿದದ್ದು. ಸುಡಲ್ವಾ ನಿಂಗೆ?"

"ಮಾತು ತಿರುಗಿಸ್ಬೇಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ವಾ? ಉಪ್ಪು ತಿಂದೋರು ನೀರು ಕುಡೀಲೇಬೇಕು."

ಅವರು ಲೋಟವನ್ನು ನನ್ನ ಕೈಗೆ ಸಿಗದಷ್ಟು ದೂರ ಸರಿಸಿದರು. ಆಮೇಲೆ, "ಕ್ಲಿನಿಕ್ಕಿಗೆ ಹೋಗಿ ಎಷ್ಟು ದಿನ ಆಯ್ತು ಬಾಗ್ಯಂ?" ಅಂದರು. ಎಂಥ ಕಿಲಾಡಿ ನೋಡಿ. ಕ್ಲಿನಿಕ್ಕಿನ ಮಾತೆತ್ತಿದ್ದಕ್ಕೆ ಚೆನ್ನಾಗಿ ಬಯ್ದೆ.

ಅವರ ಅಂಗಿ ಒಗೆಯುವಾಗ ಜೇಬಿನಲ್ಲಿ ಕಾಗದದ ಚೂರೊಂದು ಸಿಕ್ಕಿತು. ಗಾಳಕ್ಕೆ ಸಿಕ್ಕಿಸುವ ಸಾರ್ಡೀನ್ ಮೀನು ಕಟ್ಟಿಕೊಡುವ ಕಾಗದ. ಮೇಲೆ ಅಂಜಲೆಯ ಅಂಗಡಿಯ ಮುದ್ರೆ, ಪಕ್ಕದಲ್ಲಿ ಕಪ್ಪೆಣ್ಣೆಯ ಬೆರಳ ಗುರುತು. ಅಂಜಲೆ! ಬ್ಲಫ್ ಬಂಡೆಗಳ ಹಿಂದೆ ತಗಡಿನ ಅಂಗಡಿ ಇಟ್ಟುಕೊಂಡವಳು. ಗಂಡ ಸತ್ತ ಮೇಲೆ ಅವನ ಹಳೆ ಬಕ್ಕಿ ವ್ಯಾನನ್ನು ತಾನೇ ಓಡಿಸುತ್ತಾಳೆ, ತಾನೇ ರಿಪೇರಿಯನ್ನೂ ಮಾಡುತ್ತಾಳೆ, ಗಂಡಸರ ಜೊತೆ ಹಲ್ಲು ಬಿಟ್ಟು ನಗುತ್ತಾಳೆ. ಗೇರ್‌ಬಾಕ್ಸ್ ಎಣ್ಣೆ ಇನ್ಯಾರ ಹತ್ತಿರ ಇರುತ್ತದೆ?

ನಿಜ ಹೇಳುತ್ತೇನೆ, ಗಂಡ ಇನ್ನೊಬ್ಬಳ ಕೈಯ ಸಾರು ಉಂಡು ಬಂದಿದ್ದರೆ ನಾನು ಎರಡು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಅಪ್ಪನ ರೀಲನ್ನು ಅವಳ ತೊಡೆಯ ಮೇಲಿಟ್ಟು ಬಿಚ್ಚಿಸಿದ್ದರೆ, ನನ್ನ ಇಪ್ಪತ್ತು ವರ್ಷದ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರೆ, ಈ ಮನೆಯಲ್ಲಿ ನನಗೇನು ಉಳಿಯಿತು? ಶುಕ್ರವಾರ ಚೀಲಕ್ಕೆ ಎರಡು ಸೀರೆ, ಮಾತ್ರೆ ಡಬ್ಬಿ, ಸ್ಕ್ರೂಡ್ರೈವರ್ ತುಂಬಿಟ್ಟೆ. ನಾಳೆ ಅಂಜಲೆಯ ಅಂಗಡಿಗೇ ಹೋಗಿ ನೋಡುವುದು, ನಿಜವೆಂದು ಗೊತ್ತಾದರೆ ರೀಲನ್ನು ಎತ್ತಿಕೊಂಡು ಅಲ್ಲಿಂದಲೇ ಸ್ಟ್ಯಾಂಗರ್ ಊರಿನ ತಂಗಿಯ ಮನೆಗೆ ಹೋಗುವುದು, ವಾಪಸು ಬರುವ ಮಾತೇ ಇಲ್ಲ ಎಂದು ತೀರ್ಮಾನಿಸಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಚೀಲ ಹಿಡಿದು ಟ್ಯಾಕ್ಸಿ ಹತ್ತಿದೆ. ಬಂಡೆಗಳ ಮೇಲೆ ಗಾಳದವರು ಸಾಲಾಗಿ ನಿಂತಿದ್ದರು. ಕಿಸ್ತೆನ್ ಇರಲಿಲ್ಲ. ಅಂಗಡಿಯ ಮುಂದಿನ ಬಾಗಿಲು ಅರ್ಧ ಎಳೆದಿತ್ತು. ಹಿಂದೆ ನಲ್ಲಿ ಸುರಿಯುವ ಸದ್ದು. ನಾನು ಸುತ್ತು ಹಾಕಿ ಹೋಗಿ, ತಗಡಿನ ಬೇಲಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಸಂದಿಯಲ್ಲಿ ಇಣುಕಿದೆ.

ನನ್ನ ಗಂಡ ಮೀನಿನ ಕ್ರೇಟನ್ನು ಬೋರಲು ಹಾಕಿ ಕೂತಿದ್ದರು. ಕಾಲ ಬಳಿ ಸ್ಕ್ರೂಡ್ರೈವರು, ತೊಡೆಯ ಮೇಲೆ ಅಪ್ಪನ ರೀಲು, ನಕ್ಷತ್ರ ಬಿಚ್ಚಿದ ಬರಿ ಬೆನ್ನು. ಎದುರಿಗೆ ಅಂಜಲೆ ಕುಕ್ಕರಗಾಲಲ್ಲಿ ಕೂತು ಅವರ ಹೆಬ್ಬೆರಳನ್ನು ಹಿಡಿದು ನೋಡುತ್ತಿದ್ದಳು. ಹೆಬ್ಬೆರಳನ್ನು!

"ಎಷ್ಟು ದಿನ ಹಿಂಗೆ ಕದ್ದುಮುಚ್ಚಿ ಮಾಡ್ತೀರಣ್ಣ? ಅಕ್ಕಂಗೆ ಹೇಳ್ಬಿಡಿ," ಎಂದಳು ಅವಳು.

"ಹೇಳಿದ್ರೆ ಅವಳು ತಡ್ಕೊಳಲ್ಲ ಅಂಜಲೆ. ನಿಂಗೆ ಗೊತ್ತಿಲ್ಲ ಅವಳು."

ಅಣ್ಣನಂತೆ ಅಣ್ಣ! ಬೇಲಿಯ ಬಾಗಿಲನ್ನು ಒದ್ದು ಒಳಗೆ ನುಗ್ಗಿದೆ.

"ತಡ್ಕೊಳ್ತೀನಿ, ಹೇಳ್ರೀ! ನಲವತ್ತು ವರ್ಷ ನಿಮ್ಮನ್ನ ತಡ್ಕೊಂಡಿಲ್ವಾ? ಹೇಳಿ! ಏನೇ ಅಂಜಲೆ, ನಿನಗೆ ಬೇರೆ ಯಾರ ಮನೆ ರೀಲೂ ಸಿಗಲಿಲ್ವಾ?"

ಕಿಸ್ತೆನ್ ಎದ್ದರು, ಸ್ಕ್ರೂಗಳು ಉರುಳಿ ಚೆಲ್ಲಿದವು. ಅಂಜಲೆ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅವಳು ನನ್ನ ಮುಖ ನೋಡುತ್ತಿರಲಿಲ್ಲ.

"ಅಕ್ಕ, ಕೈ," ಅಂದಳು.

"ಏನೇ ಕೈ? ಕೈ ಎತ್ತಬೇಕಾ ನಿನ್ನ ಮೇಲೆ?"

"ಅಯ್ಯೋ ಅಕ್ಕ, ನಿಮ್ಮ ಕೈ ನೋಡ್ಕೊಳ್ಳಿ ಮೊದ್ಲು!"

ನೋಡಿದೆ. ಬಲಗೈಯ ನಾಲ್ಕು ಬೆರಳೂ ಕುಯ್ದು ರಕ್ತ ಸೀರೆಯ ಮೇಲೆ ಇಳಿಯುತ್ತಿತ್ತು. ತಗಡಿನ ಅಂಚು ಕುಯ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಕೋಪದಲ್ಲಿ ಗೊತ್ತಾಗಲಿಲ್ಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಕಿಸ್ತೆನ್ ಕುತ್ತಿಗೆಯ ಟವೆಲ್ ತೆಗೆದು ನನ್ನ ಕೈಗೆ ಸುತ್ತಲು ಬಂದರು. ನಾನು ದೂಡಿದೆ. "ಮೊದ್ಲು ರೀಲಿನ ಮಾತು. ಉಪ್ಪು ಮುಟ್ಟದ ರೀಲನ್ನ ತೊಳೆಯೋಕೆ ಇಲ್ಲಿಗೆ ಯಾಕೆ ತರ್ತೀರ? ಸಮುದ್ರಕ್ಕೆ ಹೋಗ್ತೀರೋ ಇಲ್ಲಿಗೇ ಬರ್ತೀರೋ?"

ಅಂಜಲೆ ಒಂದು ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಬುಷ್ಷಿನೊಳಗೆ ತಿರುಗಿಸಿ ಹೊರಗೆಳೆದಳು. ಬೂದು ಬಣ್ಣದ ಮುದ್ದೆ ಬಂತು. ಅದನ್ನು ಕಾಗದದ ಮೇಲೆ ಒರೆಸಿ ನನ್ನ ಮುಂದೆ ಹಿಡಿದಳು.

"ಈಗಷ್ಟೇ ಬಂಡೆಯಿಂದ ತಂದದ್ದು ಅಕ್ಕ. ಮುಟ್ಟಿ ನೋಡಿ. ಏನಿದೆ ಹೇಳಿ."

ಇವಳು ನನಗೆ ಪರೀಕ್ಷೆ ಮಾಡುವುದೇ? ಕಿರುಬೆರಳನ್ನು ಅದರ ಮೇಲೆ ಒತ್ತಿ ತಿಕ್ಕಿದೆ. ಬೆಣ್ಣೆಯ ಹಾಗಿತ್ತು.

"ಏನಿದೆ? ಬರೀ ಎಣ್ಣೆ. ನುಣ್ಣಗಿದೆ," ಅಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ನೋಟ ನನಗೆ ಇಷ್ಟವಾಗಲಿಲ್ಲ.

"ಬಾಗ್ಯಂ," ಎಂದರು ಕಿಸ್ತೆನ್ ಮೆತ್ತಗೆ. "ನಾಲಿಗೆಗೆ ಹಾಕ್ಕೋ. ನಿಮ್ಮಪ್ಪ ಹೇಳ್ತಿದ್ರಲ್ಲ."

ಹಟಕ್ಕೆ ಬಿದ್ದು ಹಾಕಿಕೊಂಡೆ. ಉಪ್ಪು! ಬಾಯಿ ತುಂಬ ಉಪ್ಪು. ಹಲ್ಲಿನ ಸಂದಿಯಲ್ಲಿ ಹರಳುಗಳು ಕರಕರ ಎಂದವು, ಸಕ್ಕರೆಯಷ್ಟು ದಪ್ಪದ ಹರಳುಗಳು. ಆಮೇಲೆ ಬೆರಳನ್ನು ನೋಡಿದೆ. ಅದೇ ಕುಯ್ದ ಬೆರಳು. ಹಸಿ ಗಾಯದೊಳಗೆಲ್ಲ ಆ ಉಪ್ಪು ಮೆತ್ತಿಕೊಂಡಿತ್ತು. ಗಾಯಕ್ಕೆ ಉಪ್ಪು ಸವರಿದ ಹಾಗೆ ಅನ್ನುತ್ತೇವಲ್ಲ. ನನಗೆ ಉರಿಯಲೇ ಇಲ್ಲ.

ಇನ್ನೊಂದು ಸಲ ಒತ್ತಿದೆ. ಉರಿಯಲಿ ಎಂದು ಬೇಡಿಕೊಂಡು ಒತ್ತಿದೆ. ಏನೂ ಇಲ್ಲ, ಬೇರೆ ಯಾರದೋ ಬೆರಳಿನ ಹಾಗೆ. ಆ ಕ್ರೇಟಿನ ಮೇಲೆ ಕೂತೆ. ಅಂಜಲೆ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ನೀರು ತಣ್ಣಗಿತ್ತೋ ಬಿಸಿಯಿತ್ತೋ ಅದೂ ತಿಳಿಯಲಿಲ್ಲ.

"ಯಾವಾಗಿಂದ?" ಎಂದೆ.

"ಚಳಿ ಶುರುವಾದಾಗಿಂದ ಇರ್ಬೇಕು," ಎಂದರು ಕಿಸ್ತೆನ್. "ರೀಲು ಬಿಗಿ ಆಗ್ತಾ ಬಂತು. ಹಳೇ ಮರ ಅಂದ್ಕೊಂಡೆ. ಜೂನಲ್ಲಿ ದೊಡ್ಡ ಗ್ಯಾರಿಕ್ ಮೀನೊಂದು ಕಚ್ತು. ಗಾಲಿ ಗಕ್ಕಂತ ನಿಂತುಬಿಡ್ತು. ಮೀನು ನನ್ನನ್ನೇ ಎಳೀತು, ಬಂಡೆ ಮೇಲೆ ಮಂಡಿ ಊರಿ ಬಿದ್ದೆ. ಆಮೇಲೆ ಗಾಲಿ ಬಿಟ್ಕೊಂಡು ಗಿರ್ರಂತ ತಿರುಗಿ ಹಿಡಿಕೆ ಹೆಬ್ಬೆರಳಿಗೆ ಹೊಡೀತು."

"ಇನ್ನೊಂದು ಮಾರು ಹೋಗಿದ್ರೆ ನೀರೊಳಗೆ," ಎಂದಳು ಅಂಜಲೆ. "ಬೆಲ್ಟ್ ಹಿಡ್ದು ಎಳ್ದೆ ನಾನು. ರೀಲು ಬಿಚ್ಚಿದ್ರೆ ಒಳಗೆ ಉಪ್ಪೂ ಎಣ್ಣೆನೂ ಸೇರಿ ಸಿಮೆಂಟ್ ಆಗಿತ್ತು. ಅವತ್ತಿಂದ ಇಲ್ಲೇ ತೊಳ್ಕೊಂಡು ಹೋಗ್ತಾರೆ. ಬಿಚ್ಚೋದು ಇವ್ರೇ ಅಕ್ಕ, ನಾನು ಮುಟ್ಟಲ್ಲ. ಮುಟ್ಟೋಕೆ ಬಿಡಲ್ಲ ಇವ್ರು. ಒಂದು ಸ್ಕ್ರೂಗೆ ಅರ್ಧ ಗಂಟೆ ಮಾಡ್ತಾರೆ, ಅಷ್ಟರಲ್ಲಿ ನಾನು ಮೀನು ಹೆರೆದು ಮುಗಿಸ್ತೀನಿ."

ಹಾಗಾದರೆ ಆ ಸಿಮೆಂಟು ಕಟ್ಟಿದವಳು ನಾನೇ. ವಾರ ವಾರ ಉಪ್ಪಿನ ಮೇಲೆ ಎಣ್ಣೆ ಹಾಕಿ, ನುಣ್ಣಗಿದೆ ಎಂದು ಹೆಮ್ಮೆಪಟ್ಟು, ಗಂಡನ ಕೈಗೆ ಕೊಟ್ಟು ಬಂಡೆಗೆ ಕಳಿಸಿದ್ದೆ. ಅವರ ಹೆಬ್ಬೆರಳು ಹಿಡಿದುಕೊಂಡೆ. ಕಪ್ಪು ಉಗುರಿನ ಕೆಳಗಿಂದ ಹೊಸ ಉಗುರು ಸೊಟ್ಟಗೆ ಬರುತ್ತಿತ್ತು. ನಾಚಿಕೆಯಿಂದ ಸತ್ತೇಹೋಗಬೇಕು ಅನಿಸಿತು. ಅಳುವೂ ಬಂತು, ಅಂಜಲೆಯ ಎದುರೇ.

"ಬಾಯಿ ಇರಲಿಲ್ವೇನ್ರೀ ನಿಮಗೆ? ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನೀನು ರೀಲು ಮುಟ್ಟೋದೇ ಬಿಡ್ತಿದ್ದೆ. ನಿಂಗೆ ಅದೊಂದೇ ಅಲ್ವಾ ಇರೋದು. ಸಕ್ಕರೆ ಕಾಯಿಲೆಯೋರಿಗೆ ಬೆರಳು ಮರಗಟ್ಟುತ್ತಂತೆ. ಕ್ಲಿನಿಕ್ಕಿಗೆ ಕರ್ಕೊಂಡು ಹೋಗೋಣ ಅಂತ ಎಷ್ಟು ಸಲ ಅಂದೆ, ನೀನು ಬಯ್ದೆ."

"ನಾನು ನಿಮ್ಮನ್ನ ಏನು ಅಂದ್ಕೊಂಡಿದ್ದೆ ಗೊತ್ತಾ?"

"ಗೊತ್ತು. ಸಾರಿನಲ್ಲೇ ಗೊತ್ತಾಯ್ತು."

ಅಂಜಲೆ ಮುಖ ಆ ಕಡೆ ತಿರುಗಿಸಿ ನಕ್ಕಳು. ನನ್ನ ಚೀಲದಿಂದ ಸೀರೆಯ ಸೆರಗು ಹೊರಗೆ ಇಣುಕುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ. ನಾನು ಚೀಲದೊಳಗೆ ಎಡಗೈ ಹಾಕಿ ನನ್ನ ಸ್ಕ್ರೂಡ್ರೈವರ್ ತೆಗೆದೆ. ಅಪ್ಪನ ಕಾಲದ್ದು, ಮರದ ಹಿಡಿ. ಇಪ್ಪತ್ತು ವರ್ಷದಲ್ಲಿ ಅದನ್ನು ಯಾರ ಕೈಗೂ ಕೊಟ್ಟವಳಲ್ಲ.

"ಆ ಅಂಗಡಿ ಸ್ಕ್ರೂಡ್ರೈವರಿಂದ ಗೀರು ಹಾಳಾಗುತ್ತೆ. ತಗೊಳ್ಳಿ ಇದನ್ನ," ಎಂದೆ. "ಬಿಸಿನೀರಲ್ಲಿ ತೊಳೀರಿ. ಒರೆಸಿ. ಬೆರಳು ಹಾಕಿ ನೋಡಿ. ತರಿ ಇದೆಯಾ?"

ಅವರು ಕಿರುಬೆರಳು ಹಾಕಿ ತಿರುಗಿಸಿ, "ಇಲ್ಲ ಅನ್ಸುತ್ತೆ," ಅಂದರು.

"ಅನ್ಸುತ್ತೆ ಅಂದ್ರೆ ಸಾಲಲ್ಲ. ಕೊಡಿ ಇಲ್ಲಿ." ಅವರ ಬೆರಳನ್ನು ಎಳೆದು ನಾಲಿಗೆಗೆ ಮುಟ್ಟಿಸಿಕೊಂಡೆ. "ಇದೆ. ಇನ್ನೊಂದ್ಸಲ ತೊಳೀರಿ."

"ನಿಂಗೆ ಉಪ್ಪು ಬೇಡ ಅಂದಿದ್ದಾರಲ್ಲೇ."

"ಅಡಿಗೇಲಿ ಬಿಟ್ಟಿದೀನಲ್ಲ. ತೊಳೀರಿ ಸುಮ್ನೆ."

ಮೂರು ಸಲ ತೊಳೆಸಿದೆ. ಮೂರನೇ ಸಲ ನಾಲಿಗೆ ಇಲ್ಲ ಅಂದಿತು. ಅಂಜಲೆ ಗೇರ್‌ಬಾಕ್ಸ್ ಎಣ್ಣೆಯ ಡಬ್ಬಿ ತಂದಳು, ಹುಬ್ಬು ಗಂಟಿಕ್ಕಿ ವಾಪಸು ಕಳಿಸಿದೆ. ಎಣ್ಣೆ ಮನೆಯಲ್ಲಿ ಹಾಕಿದರಾಯಿತು. ಕಿಸ್ತೆನ್ ನಕ್ಷತ್ರವನ್ನು ಕೂರಿಸಿ, ನಾಲಿಗೆ ಕಚ್ಚಿಕೊಂಡು, ಐದು ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದರು. ಐದೂ ಐದು ಕಡೆ ನೋಡುತ್ತಿದ್ದವು. ಸರಿ ಮಾಡಿ ಎಂದು ಹೇಳಲು ಬಾಯಿ ತೆರೆದೆ. ಅವರು ಹೆಬ್ಬೆರಳು ನೋಯುತ್ತಿದ್ದುದನ್ನು ತೋರಿಸಿಕೊಳ್ಳದೆ, ಹೇಗಿದೆ ಎಂದು ನನ್ನ ಮುಖ ನೋಡುತ್ತಿದ್ದರು.

"ಚೆನ್ನಾಗಿದೆ," ಎಂದೆ.